ಪ್ಲೈವುಡ್ ದೋಣಿಯೂ ದೋಣಿಯೇ

ನಮಸ್ಕಾರ. ನನ್ನ ಹಿಂದೆ ಕಾಣುತ್ತಿದೆಯಲ್ಲ, ಅದು ದನಕ್ಕೆ ನೀರಿಡುವ ತೊಟ್ಟಿ ಅಲ್ಲ. ದೋಣಿ. ಏಳೂವರೆ ಅಡಿ ಉದ್ದ. ಮನೆ ಹಿಂದಿನ ಶೆಡ್ಡಿನಲ್ಲಿ ನಾನೇ ಕಟ್ಟಿದ್ದು.

ಪಕ್ಕದ ಮನೆಯ ಹಿರಿಯ ಆಚಾರಿಯವರು ಬಂದು ನೋಡಿ ಕೇಳಿದ್ದು ಒಂದೇ ಮಾತು: "ಎಂತ ಮಾರಾಯ, ಪ್ಲೈವುಡ್ಡಲ್ಲಿ ದೋಣಿಯಾ?"

ದಪ್ಪ ಹಲಗೆ ಬಗ್ಗಿಸಿ ಕಟ್ಟಿದರೆ ಮಾತ್ರ ಮರದ ದೋಣಿ, ಉಳಿದದ್ದೆಲ್ಲ ಆಟದ ಸಾಮಾನು ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಹಲಗೆ ಬಗ್ಗಿಸುವುದು ವರ್ಷಗಟ್ಟಲೆ ಪಳಗಿದ ಕೈಗೆ ಬರುವ ವಿದ್ಯೆ. ಭಾನುವಾರ ಮಾತ್ರ ಬಿಡುವು ಸಿಗುವ ನನ್ನಂಥವನಿಗೆ ಹೊಲಿಯುವುದೇ ಸರಿ.

ಹೌದು, ಹೊಲಿಯುವುದೇ. ಪ್ಲೈ ಕತ್ತರಿಸಿ, ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿ ಹಾಕಿ ತಿರುಚುತ್ತಾ ಹೋದರೆ ಚಪ್ಪಟೆ ಹಾಳೆ ಕಣ್ಣೆದುರೇ ಬಾಗಿ ದೋಣಿಯಾಗುತ್ತದೆ. ಆಮೇಲೆ ಎಪಾಕ್ಸಿಗೆ (ಎರಡು ದ್ರವ ಬೆರೆಸಿ ಮಾಡುವ ಗಟ್ಟಿ ಅಂಟು) ಮರದ ಹೊಟ್ಟು ಕಲಸಿ ಸಂದಿಗೆ ಮೆತ್ತಬೇಕು, ಮೇಲೆ ಫೈಬರ್‌ಗ್ಲಾಸ್ ಪಟ್ಟಿ. 1960ರ ದಶಕದಲ್ಲಿ ಬ್ರಿಟನ್ನಿನ ಡೈಲಿ ಮಿರರ್ ಪತ್ರಿಕೆ ಬೆನ್ನಿಗೆ ನಿಂತು ತಂದ ಮಿರರ್ ದೋಣಿಯೂ ಹೀಗೇ. ಕೆಂಪು ಹಾಯಿಯ ಆ ಪುಟ್ಟ ದೋಣಿಗಳು 70 ಸಾವಿರ ದಾಟಿವೆ. ಎಷ್ಟೋ ಜನ ಮನೆಯಲ್ಲೇ ಕಟ್ಟಿಕೊಂಡರು.

ಅಷ್ಟು ದೂರ ಯಾಕೆ? 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ನೋಡಿ. ಅಜಂತಾದ ಚಿತ್ರ ನೋಡಿ ಕಟ್ಟಿದ ಹಾಯಿ ಹಡಗು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದಲೇ ಹೊಲಿದಿದ್ದಾರೆ. ಹೊಲಿದದ್ದು ದೋಣಿಯೇ ಅಲ್ಲ ಅಂದರೆ ಹೇಗೆ, ಅಲ್ವಾ?

ದುಡ್ಡು ಉಳಿಸಲು ಹೋಗಬಾರದ ಜಾಗ ಒಂದಿದೆ: ಪ್ಲೈ. ಅಂಗಡಿಯಲ್ಲಿ 'ಸೆವೆನ್ ಟೆನ್' ಕೇಳಿ. ಅದು ಭಾರತೀಯ ಮಾನಕ ಐಎಸ್ 710ರ ಮರೀನ್ ಪ್ಲೈ, ನೀರಿಗೆ ತಡೆಯುವಂಥದ್ದು. 72 ಗಂಟೆ ಕುದಿಸಿದರೂ ಅದು ಪದರ ಬಿಡಬಾರದು. ಮೊದಲ ಸಲ ನಾನು ಸುಮ್ನೆ ಮೊಹರು ನೋಡಿ ತಂದೆ. ಒಂದು ತುಂಡನ್ನು ಹಳೇ ಪಾತ್ರೆಯಲ್ಲಿ ಕುದಿಯಲು ಇಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ನೀರುದೋಸೆ ಥರ ಪದರ ಪದರ ಬಿಚ್ಚಿಕೊಂಡಿತ್ತು. ಪಾತ್ರೆ ಹಾಳು ಮಾಡಿದ್ದಕ್ಕೆ ಅಮ್ಮ ಬೈದದ್ದು ಬೇರೆ.

ಎಪಾಕ್ಸಿಯನ್ನು ನಮ್ಮ ಕರಾವಳಿಯ ಸೆಕೆಯಲ್ಲಿ ಲೋಟದ ತುಂಬ ಕಲಸಬೇಡಿ. ತನ್ನಷ್ಟಕ್ಕೇ ಬಿಸಿಯೇರಿ ಹೊಗೆಯಾಡುತ್ತದೆ. ನನ್ನ ಪ್ಲಾಸ್ಟಿಕ್ ಲೋಟ ಕರಗಿ ಅಂಗಳದ ಸಿಮೆಂಟಿಗೆ ಅಂಟಿದ್ದು ಇನ್ನೂ ಹಾಗೇ ಇದೆ. ಅಗಲದ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಕಲಸಿ. ಕೈಗವಸು ಮರೆಯಬೇಡಿ.

ಹೋದ ವಾರ ಹೊಳೆಗೆ ಇಳಿಸಿದೆವು, ಸೊಂಟದಷ್ಟು ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿಕೊಂಡು. ಆಚಾರಿಯವರೂ ಬಂದಿದ್ದರು. ಒಳಗಿನ ಸಂದಿಯ ಮೇಲೆ ಹೆಬ್ಬೆರಳು ಎಳೆದು, "ತಂತಿ ಎಲ್ಲಿ?" ಅಂದರು. ಅಂಟು ಗಟ್ಟಿಯಾದ ಮೇಲೆ ಕಿತ್ತೆ ಅಂದೆ.

"ಹೊಲಿಗೆ ಬಿಚ್ಚಿದ ಮೇಲೂ ನಿಲ್ತದಾ?" ಅಂತ ಕೇಳಿ, ಚಪ್ಪಲಿ ದಡದಲ್ಲಿ ಬಿಟ್ಟು, ಹತ್ತಿ ಕುಳಿತರು.