ಡಯಲ್‌ಗೆ ಬೀಗ, ತಂತಿಗೆ ಇಲ್ಲ

(ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ನಿವೃತ್ತರು ಕೂತಿದ್ದೀರಿ, ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗ ಹುಡುಗಿಯರು. ಹಿಂದಿನವರು ‘ಹ್ಯಾಕಿಂಗ್ ಕಲಿಸ್ತಾರಂತೆ’ ಅಂತ ಬಂದಿರಬೇಕು. ಮುಂದಿನವರು ‘ಹ್ಯಾಕರ್‌ಗಳಿಂದ ತಪ್ಪಿಸಿಕೊಳ್ಳೋದು ಹೇಳ್ತಾರಂತೆ’ ಅಂತ. ಇಬ್ಬರಿಗೂ ಸ್ವಲ್ಪ ಸ್ವಲ್ಪ ನಿರಾಸೆ ಆಗಬಹುದು, ಈಗಲೇ ಹೇಳಿಬಿಡುತ್ತೇನೆ.

ನಾನು ಮೈಸೂರಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಂದರೆ ರಾತ್ರಿ ಎರಡು ಗಂಟೆಗೆ ಫೋನ್ ಬಂದರೆ ಎದ್ದು ಕೂರಬೇಕಾದವನು. ಆದರೆ ನಾನು ಮಾಡಿದ ಮೊದಲ ಹ್ಯಾಕಿಂಗ್‌ನಲ್ಲಿ ಕಂಪ್ಯೂಟರೇ ಇರಲಿಲ್ಲ. ಅದು ನಡೆದದ್ದು ಇದೇ ಮಂಡ್ಯದಲ್ಲಿ, ನಮ್ಮಪ್ಪನ ಆಫೀಸಿನಲ್ಲಿ. ಯಾವ ಆಫೀಸು ಅಂತ ಕೇಳಬೇಡಿ.

ಅಲ್ಲೊಂದು ಕಪ್ಪು ಫೋನ್ ಇತ್ತು. ಬೆರಳು ಹಾಕಿ ತಿರುಗಿಸುವ ಡಯಲ್. ಸಿಬ್ಬಂದಿ ಸುಮ್ನೆ ಕಂಡಕಂಡಲ್ಲಿಗೆ ಫೋನ್ ಮಾಡ್ತಾರೆ ಅಂತ ಸಾಹೇಬರು ಡಯಲ್‌ನ ತೂತಿಗೆ ಒಂದು ಪುಟ್ಟ ಬೀಗ ಹಾಕಿದ್ದರು. ಹಿರಿಯರಿಗೆ ನೆನಪಿರಬೇಕು, ಹೆಬ್ಬೆರಳಿನ ಉಗುರಿನಷ್ಟು ಬೀಗ. ಡಯಲ್ ತಿರುಗುವುದಿಲ್ಲ. ಬಂದ ಕರೆ ಎತ್ತಬಹುದು, ಅಷ್ಟೇ.

ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗಿ ಕೂರುತ್ತಿದ್ದೆ. ಅಲ್ಲಿದ್ದ ಒಬ್ಬ ಅಟೆಂಡರಣ್ಣ ಒಂದು ಗುಟ್ಟು ಹೇಳಿಕೊಟ್ಟ. ರಿಸೀವರ್ ಎತ್ತು. ರಿಸೀವರ್ ಕೂರುತ್ತದಲ್ಲ, ಆ ಗುಂಡಿಯನ್ನು ಬೆರಳಿನಲ್ಲಿ ಬೇಗ ಬೇಗ ಒತ್ತು. ಮೇಜಿನ ಮೇಲೆ ಕುಟ್ಟಿ ತೋರಿಸುತ್ತೇನೆ, ಕೇಳಿ. ಟಕ್ ಟಕ್. ಇದು ಎರಡು. ಒಂದು ಕ್ಷಣ ಬಿಡಬೇಕು. ಟಕ್ ಟಕ್ ಟಕ್ ಟಕ್. ಇದು ನಾಲ್ಕು. ಸೊನ್ನೆ ಬೇಕಾದರೆ ಹತ್ತು ಸಲ, ಎಲ್ಲೂ ತಡವರಿಸದೆ. ಹೀಗೆ ಕುಟ್ಟುತ್ತಾ ಹೋದರೆ ಆ ಕಡೆ ಗಂಟೆ ಹೊಡೆಯುತ್ತಿತ್ತು! ಬೀಗ ಬೀಗದ ಪಾಡಿಗೆ ನೇತಾಡುತ್ತಿತ್ತು.

ಯಾಕೆ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಡಯಲ್ ತಿರುಗಿ ವಾಪಸ್ ಬರುವಾಗ ತಂತಿಯಲ್ಲಿನ ಕರೆಂಟನ್ನು ತುಂಡು ತುಂಡು ಮಾಡುತ್ತದೆ. ಎರಡಕ್ಕೆ ಎರಡು ತುಂಡು, ಸೊನ್ನೆಗೆ ಹತ್ತು. ಆ ಕಡೆ ಇರುವ ಟೆಲಿಫೋನ್ ಎಕ್ಸ್‌ಚೇಂಜು ಆ ತುಂಡುಗಳನ್ನು ಎಣಿಸುತ್ತದೆ. ಡಯಲ್ ತಿರುಗಿತಾ, ಬೆರಳು ಕುಟ್ಟಿತಾ, ಅದಕ್ಕೆ ಕಾಣುವುದಿಲ್ಲ. ಸಾಹೇಬರು ಬೀಗ ಹಾಕಿದ್ದು ಡಯಲ್‌ಗೆ. ಬಾಗಿಲು ಇದ್ದದ್ದು ತಂತಿಯಲ್ಲಿ.

ಹ್ಯಾಕಿಂಗ್ ಅಂದರೆ ಇದೇ. ಒಂದು ವ್ಯವಸ್ಥೆ ಹೀಗೆ ನಡೆಯುತ್ತದೆ ಅಂತ ಅದನ್ನು ಮಾಡಿದವರು ಅಂದುಕೊಂಡಿರುತ್ತಾರೆ. ಅದು ನಿಜವಾಗಿ ನಡೆಯುವ ರೀತಿಯೇ ಬೇರೆ ಇರುತ್ತದೆ. ಇವೆರಡರ ನಡುವೆ ಒಂದು ಸಂದು. ಆ ಸಂದನ್ನು ಕಂಡುಹಿಡಿದು ಕೈ ತೂರಿಸುವವನೇ ಹ್ಯಾಕರ್. ಒಳಗೆ ಕೈ ಹಾಕಿ ಏನು ಮಾಡುತ್ತಾನೆ ಅನ್ನುವುದು ಬೇರೆ ಪ್ರಶ್ನೆ. ಜಗಳ ಇರುವುದು ಅಲ್ಲಿ.

‘ಹ್ಯಾಕ್’ ಅನ್ನುವ ಮಾತು ಮೊದಲು ಬೈಗುಳ ಆಗಿರಲಿಲ್ಲ. ಅಮೆರಿಕದಲ್ಲಿ ಎಂಐಟಿ ಅನ್ನುವ ತಂತ್ರಜ್ಞಾನ ವಿಶ್ವವಿದ್ಯಾಲಯ ಇದೆ. ಅಲ್ಲಿ ಆಟಿಕೆ ರೈಲಿನ ಒಂದು ಕ್ಲಬ್ ಇತ್ತು. 1950ರ ದಶಕದ ಕೊನೆಗೆ ಅಲ್ಲಿನ ಹುಡುಗರು ರೈಲು ಹಳಿಯ ಕೆಳಗಿನ ವೈರು, ರಿಲೇಗಳಲ್ಲಿ ಏನಾದರೂ ಜಾಣತನದ ಕೆಲಸ ಮಾಡಿದರೆ ಅದನ್ನು ಹ್ಯಾಕ್ ಅನ್ನುತ್ತಿದ್ದರು. ಆಮೇಲೆ ಅದೇ ಹುಡುಗರು ಕಂಪ್ಯೂಟರಿಗೆ ಕೈ ಹಾಕಿದರು, ಮಾತೂ ಜೊತೆಗೆ ಬಂತು. ನಮ್ಮಲ್ಲಿ ಇದಕ್ಕೆ ಸರಿಯಾದ ಪದ ಇದೆ: ಕಿತಾಪತಿ. ರೇಡಿಯೊ ಬಿಚ್ಚಿ ಹರಡಿಕೊಂಡು ಕೂತ ಮಗನನ್ನು ನೋಡಿ ಅಮ್ಮ ‘ಏನೋ ನಿನ್ ಕಿತಾಪತಿ’ ಅನ್ನುತ್ತಾಳಲ್ಲ, ಅದೇ. ಅದರಲ್ಲಿ ಬೈಗುಳವೂ ಇದೆ, ಒಳಗೊಳಗೇ ಹೆಮ್ಮೆಯೂ ಇದೆ.

ಇನ್ನು, ಜನ ಯಾಕೆ ಮಾಡ್ತಾರೆ?

ಅದೇ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಒಂದು ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡು ಬಳಸುತ್ತಿದ್ದರು. ಯಾರ ಕಡತ ಯಾರೂ ನೋಡಬಾರದು ಅಂತ ಒಬ್ಬೊಬ್ಬರಿಗೂ ಪಾಸ್‌ವರ್ಡ್ ಕೊಟ್ಟಿದ್ದರು. ಅಲನ್ ಶೆರ್ ಅನ್ನುವ ಪಿಎಚ್‌ಡಿ ವಿದ್ಯಾರ್ಥಿಗೆ ಸಿಕ್ಕಿದ್ದು ವಾರಕ್ಕೆ ನಾಲ್ಕು ಗಂಟೆ. ಅವನ ಕೆಲಸಕ್ಕೆ ಅದು ಸಾಲದು. ಯಾವ ಫೈಲ್ ಬೇಕಾದರೂ ಅಚ್ಚು ಹಾಕಿಸಿಕೊಳ್ಳಲು ಒಂದು ಕಾರ್ಡ್ ಕೊಡುವ ಪದ್ಧತಿ ಇತ್ತು. 1962ರ ಒಂದು ಶುಕ್ರವಾರ ರಾತ್ರಿ ಅವನು ಪಾಸ್‌ವರ್ಡ್ ಫೈಲಿನ ಹೆಸರನ್ನೇ ಬರೆದು ಕಾರ್ಡ್ ಕೊಟ್ಟ. ಶನಿವಾರ ಬೆಳಗ್ಗೆ ಹೋಗಿ ಎಲ್ಲರ ಪಾಸ್‌ವರ್ಡೂ ಎತ್ತಿಕೊಂಡು ಬಂದ. ಪಾಸ್‌ವರ್ಡ್ ಬಂದ ಹೊಸದರಲ್ಲೇ ಪಾಸ್‌ವರ್ಡ್ ಕಳ್ಳತನವೂ ಬಂತು ನೋಡಿ. ಕಾರಣ ಏನು? ಹೋಂವರ್ಕ್ ಮುಗಿಸೋಕೆ ಟೈಮ್ ಸಾಲಲಿಲ್ಲ!

ಕೆಲವರಿಗೆ ಆ ಕಾರಣವೂ ಬೇಕಿರಲಿಲ್ಲ. ಅಮೆರಿಕದ ದೂರದ ಕರೆಗಳ ಜಾಲ 2600 ಹರ್ಟ್ಸ್‌ನ ಒಂದು ಶಿಳ್ಳೆಗೆ ತಲೆಬಾಗುತ್ತಿತ್ತು. ಆ ಸದ್ದು ಕೇಳಿದರೆ ಲೈನ್ ಖಾಲಿ ಇದೆ ಅಂದುಕೊಳ್ಳುತ್ತಿತ್ತು, ಆಮೇಲೆ ದುಡ್ಡು ಕೊಡದೆ ದೂರದ ಕರೆ ಮಾಡಬಹುದಿತ್ತು. ಹುಟ್ಟಿನಿಂದಲೇ ಕಣ್ಣು ಕಾಣದ ಜೋ ಎಂಗ್ರೆಸಿಯಾ ಅನ್ನುವ ಹುಡುಗ ಬಾಯಲ್ಲೇ ಆ ಸ್ವರ ಹಿಡಿಯುತ್ತಿದ್ದ. ಆ ಕಾಲದ ಒಂದು ಸೀರಿಯಲ್, ಅಂದರೆ ಹಾಲಿಗೆ ಹಾಕಿ ತಿನ್ನುವ ಬೆಳಗಿನ ತಿಂಡಿಯ ಪೊಟ್ಟಣದಲ್ಲಿ ಮಕ್ಕಳಿಗೆ ಅಂತ ಕೊಡುತ್ತಿದ್ದ ಪೀಪಿಯೂ ಅದೇ ಸ್ವರ ಹೊರಡಿಸುತ್ತಿತ್ತು. ಅದೇ ಕೆಲಸ ಮಾಡುವ ಡಬ್ಬಿಗಳನ್ನು ಇಬ್ಬರು ಗೆಳೆಯರು ತಯಾರಿಸಿ ಮಾರಿದರು. ಒಬ್ಬ ಸ್ಟೀವ್ ವೋಜ್ನಿಯಾಕ್, ಇನ್ನೊಬ್ಬ ಸ್ಟೀವ್ ಜಾಬ್ಸ್. ಆಪಲ್ ಕಂಪನಿ ಶುರುವಾದದ್ದು ಅದಾದ ಮೇಲೆ, 1976ರಲ್ಲಿ.

ಬೇರೆಯವರ ಜಂಭ ಇಳಿಸುವುದಕ್ಕೂ ಹ್ಯಾಕ್ ಮಾಡುತ್ತಾರೆ. 1903ರಲ್ಲಿ ಲಂಡನ್ನಿನಲ್ಲಿ ಮಾರ್ಕೋನಿಯ ನಿಸ್ತಂತು ಸಂದೇಶದ ಪ್ರದರ್ಶನ ಇತ್ತು. ನಮ್ಮ ಸಂದೇಶಕ್ಕೆ ಯಾರೂ ಅಡ್ಡ ಬರಲಾಗದು ಅಂತ ಅವರ ಮಾತು. ಪ್ರದರ್ಶನ ಶುರುವಾಗುವ ಹೊತ್ತಿಗೆ ಯಂತ್ರ ತಾನಾಗಿಯೇ ‘ಇಲಿ, ಇಲಿ, ಇಲಿ’ ಅನ್ನುವ ಅರ್ಥದ ಪದವನ್ನು ಬಡಿಯತೊಡಗಿತು. ಆಮೇಲೆ ಮಾರ್ಕೋನಿಯನ್ನು ಅಣಕಿಸುವ ಪದ್ಯ. ಕಳಿಸಿದವನು ನೆವಿಲ್ ಮ್ಯಾಸ್ಕೆಲಿನ್, ವೃತ್ತಿಯಿಂದ ಜಾದೂಗಾರ. ತಂತಿ ಮೂಲಕ ಟೆಲಿಗ್ರಾಂ ಕಳಿಸುವ ಕಂಪನಿಯೊಂದು ಅವನ ಬೆನ್ನಿಗಿತ್ತು. ‘ಭದ್ರತೆ ಇಲ್ಲ ಅಂತ ಜನಕ್ಕೆ ತೋರಿಸೋಕೆ ಮಾಡಿದೆ’ ಅನ್ನುವುದು ಅವನ ವಾದ. ಕಳ್ಳನಿಗೊಂದು ಪಿಳ್ಳೆ ನೆವ ಅನ್ನಬೇಕೋ, ಅವನು ಹೇಳಿದ್ದು ನಿಜವೇ ಅನ್ನಬೇಕೋ? ನನಗೆ ಎರಡೂ ಸರಿ ಅನಿಸುತ್ತದೆ.

ಕುತೂಹಲ ಕೈ ಮೀರಿದ್ದೂ ಉಂಟು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಅನ್ನುವ ವಿದ್ಯಾರ್ಥಿ ಇಂಟರ್‌ನೆಟ್‌ನಲ್ಲಿ ತಾನಾಗಿ ಹರಡುವ ಒಂದು ಪ್ರೋಗ್ರಾಂ ಬಿಟ್ಟ. ಒಂದು ಯಂತ್ರದಲ್ಲಿ ಆಗಲೇ ಅದರ ಪ್ರತಿ ಇದ್ದರೂ ಏಳಕ್ಕೆ ಒಂದು ಸಲ ಮತ್ತೆ ಹೊಕ್ಕಲಿ ಅಂತ ಬರೆದಿದ್ದ. ಆ ಲೆಕ್ಕ ತಪ್ಪಿತು. ಒಂದೇ ಯಂತ್ರದೊಳಗೆ ಮತ್ತೆ ಮತ್ತೆ ಹೊಕ್ಕು, ಸಾವಿರಾರು ಕಂಪ್ಯೂಟರ್‌ಗಳು ಉಸಿರು ಕಟ್ಟಿ ನಿಂತವು. ಅವನಪ್ಪ ಅಮೆರಿಕ ಸರ್ಕಾರದಲ್ಲಿ ಕಂಪ್ಯೂಟರ್ ಭದ್ರತೆಯ ತಜ್ಞ! ಮಗನಿಗೆ ಶಿಕ್ಷೆ ಆಯಿತು, ದಂಡ ಆಯಿತು. ಮುಂದೆ ಅವನು ಎಂಐಟಿಯಲ್ಲೇ ಪ್ರೊಫೆಸರ್ ಆದ.

ಈಗಿನ ಕಾಲಕ್ಕೆ ಬಂದರೆ ಕಾರಣ ಹುಡುಕುವ ಕಷ್ಟ ಇಲ್ಲ. ದುಡ್ಡು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕು ನ್ಯೂಯಾರ್ಕಿನಲ್ಲಿ ಇಟ್ಟಿದ್ದ ಖಾತೆಯಿಂದ ಹತ್ತಿರ ಹತ್ತಿರ 100 ಕೋಟಿ ಡಾಲರ್ ಎಗರಿಸಲು ನೋಡಿದರು. ಅವರು ಕಂಪ್ಯೂಟರ್ ಜೊತೆಗೆ ಕ್ಯಾಲೆಂಡರನ್ನೂ ಓದಿಕೊಂಡಿದ್ದರು. ಗುರುವಾರ ರಾತ್ರಿ ಕೈ ಹಾಕಿದರೆ ಢಾಕಾದಲ್ಲಿ ಶುಕ್ರವಾರ ರಜೆ. ಭಾನುವಾರ ಢಾಕಾ ಬಾಗಿಲು ತೆಗೆದರೆ ನ್ಯೂಯಾರ್ಕಿಗೆ ರಜೆ. ಸೋಮವಾರ ನ್ಯೂಯಾರ್ಕ್ ತೆಗೆದರೆ ಹಣ ಹೋದ ಫಿಲಿಪ್ಪೀನ್ಸ್‌ನಲ್ಲಿ ಚೀನೀ ಹೊಸವರ್ಷದ ರಜೆ. ವಹಿವಾಟಿನ ಲೆಕ್ಕ ಅಚ್ಚಾಗುವ ಪ್ರಿಂಟರನ್ನೂ ಕೆಡಿಸಿದ್ದರು. ಬ್ಯಾಂಕಿನವರು ಅದನ್ನು ನೋಡಿ ಪ್ರಿಂಟರ್ ರಿಪೇರಿ ಅಂದುಕೊಂಡರು. ಯಾವ ಆಫೀಸಿನಲ್ಲಿ ಪ್ರಿಂಟರ್ ಕೆಡಲ್ಲ ಹೇಳಿ? ಕೊನೆಗೆ 8.1 ಕೋಟಿ ಡಾಲರ್ ಕೈಬಿಟ್ಟು ಹೋಯಿತು. ಶ್ರೀಲಂಕಾಗೆ ಹೊರಟ 2 ಕೋಟಿ ಮಾತ್ರ ಒಂದು ಸ್ಪೆಲಿಂಗ್ ತಪ್ಪಿನಿಂದ ಸಿಕ್ಕಿಬಿತ್ತು. ‘ಫೌಂಡೇಶನ್’ ಅನ್ನುವುದನ್ನು ಕಳ್ಳರು ‘ಫ್ಯಾಂಡೇಶನ್’ ಅಂತ ಬರೆದಿದ್ದರು. ಇದರ ಹಿಂದೆ ಉತ್ತರ ಕೊರಿಯಾ ಇದೆ ಅನ್ನುವುದು ಅಮೆರಿಕದ ಆರೋಪ.

ಈಗ ಹಿಂದಿನ ಸಾಲಿನವರಿಗೆ ಒಂದು ಕಥೆ. ಅದೇ 2016, ಅದೇ ಫೆಬ್ರವರಿ. ಇಲ್ಲಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಆನಂದ್ ಪ್ರಕಾಶ್ ಅನ್ನುವ ಯುವಕ ಫೇಸ್‌ಬುಕ್‌ನ ಒಂದು ಸಂದು ಕಂಡುಹಿಡಿದ. ಪಾಸ್‌ವರ್ಡ್ ಮರೆತರೆ ನಿಮ್ಮ ಮೊಬೈಲಿಗೆ ಆರು ಅಂಕಿಯ ಕೋಡ್ ಬರುತ್ತದಲ್ವಾ? ಆರು ಅಂಕಿ ಅಂದರೆ ಸೊನ್ನೆಯಿಂದ 9,99,999ರವರೆಗೆ, ಒಟ್ಟು 10 ಲಕ್ಷ ಸಾಧ್ಯತೆ. ಒಂದೊಂದೇ ಹಾಕಿ ನೋಡಿದರೆ ಯಾವುದಾದರೂ ಒಂದು ಸರಿಹೋಗಲೇಬೇಕು. ಕಂಪ್ಯೂಟರಿಗೆ ಅದೇನು ದೊಡ್ಡ ಕೆಲಸವೂ ಅಲ್ಲ. ಅದಕ್ಕೇ ಹತ್ತು ಹನ್ನೆರಡು ಸಲ ತಪ್ಪಿದರೆ ಫೇಸ್‌ಬುಕ್ ‘ಸಾಕು ನಿಲ್ಲಿಸಪ್ಪ’ ಅನ್ನುತ್ತದೆ. ಸರಿಯಾದ ಬೀಗವೇ. ಆದರೆ ಹೊಸ ಸೌಲಭ್ಯಗಳನ್ನು ಪರೀಕ್ಷೆ ಮಾಡಲು ಫೇಸ್‌ಬುಕ್‌ಗೆ ‘ಬೀಟಾ’ ಅಂತ ಇನ್ನೊಂದು ವಿಳಾಸ ಇತ್ತು. ಒಳಗಿನ ಮನೆ ಒಂದೇ, ಇದು ಹಿತ್ತಿಲ ಬಾಗಿಲು. ಅಲ್ಲಿ ಆ ಮಿತಿ ಹಾಕುವುದನ್ನು ಮರೆತಿದ್ದರು.

ಯಾರ ಖಾತೆಗೆ ಬೇಕಾದರೂ ನುಗ್ಗಬಹುದಿತ್ತು. ಅವನು ತನ್ನ ಖಾತೆಯ ಮೇಲೆ ಪರೀಕ್ಷೆ ಮಾಡಿ, ಫೇಸ್‌ಬುಕ್‌ಗೆ ಬರೆದು ತಿಳಿಸಿದ. ಅವರು ಬೇಗನೇ ಸರಿಮಾಡಿ 15,000 ಡಾಲರ್ ಕೊಟ್ಟರು. ಆಗಿನ ಲೆಕ್ಕದಲ್ಲಿ ಸುಮಾರು 10 ಲಕ್ಷ ರೂಪಾಯಿ. ಒಂದೊಂದು ಸಾಧ್ಯತೆಗೆ ಒಂದೊಂದು ರೂಪಾಯಿ ಬಿತ್ತು ನೋಡಿ! ಇದಕ್ಕೆ ಬಗ್ ಬೌಂಟಿ ಅನ್ನುತ್ತಾರೆ. 1995ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿ ಶುರು ಮಾಡಿದ ಪದ್ಧತಿ, ಈಗ ದೊಡ್ಡ ಕಂಪನಿಗಳಲ್ಲೆಲ್ಲ ಇದೆ.

ಒಂದು ಎಚ್ಚರಿಕೆ. ಬೌಂಟಿ ಇಲ್ಲದ ಕಡೆ, ಅನುಮತಿ ಇಲ್ಲದ ಕಡೆ ಹೋಗಿ ‘ಒಳ್ಳೇದಕ್ಕೇ ನೋಡಿದೆ ಸಾರ್’ ಅಂದರೆ ಪೊಲೀಸರು ಸನ್ಮಾನ ಮಾಡುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರದ್ದು. ಅದರ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ತಮಾಷೆ ಅಂದರೆ, ಆ ಸೆಕ್ಷನ್ನಿನಲ್ಲಿ ಮೊದಲು ‘ಹ್ಯಾಕಿಂಗ್’ ಅನ್ನುವ ಪದವೇ ಇತ್ತು. 2008ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ಅದು ‘ಕಂಪ್ಯೂಟರ್ ಸಂಬಂಧಿ ಅಪರಾಧ’. ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ ಅಪರಾಧ ಅನ್ನುತ್ತದೆ ಅದು. ಮನಸ್ಸಿನಲ್ಲಿ ಏನಿತ್ತು ಅಂತ ಕೋರ್ಟಿನಲ್ಲಿ ಸಾಬೀತು ಮಾಡುವಷ್ಟರಲ್ಲಿ ನಿಮ್ಮ ಡಿಗ್ರಿ ಮುಗಿದಿರುತ್ತದೆ.

ಮುಂದಿನ ಸಾಲಿಗೆ ನಮ್ಮ ಮಾವನ ಕಥೆ. ನಮ್ಮಮ್ಮನ ತಮ್ಮ. ಪಾಂಡವಪುರದ ಕಡೆ ಎರಡೂವರೆ ಎಕರೆ ಕಬ್ಬು. ಹೋದ ವರ್ಷ ಅವರ ವಾಟ್ಸ್‌ಆ್ಯಪ್‌ಗೆ ಒಂದು ಲಗ್ನಪತ್ರಿಕೆ ಬಂತು. ಕಳಿಸಿದ್ದು ಗುರುತಿನವರ ನಂಬರೇ. ಆ ಪುಣ್ಯಾತ್ಮರ ಫೋನ್ ಆಗಲೇ ಕಳ್ಳರ ಕೈ ಸೇರಿತ್ತು, ಅವರಿಗೂ ಗೊತ್ತಿರಲಿಲ್ಲ. ಪತ್ರಿಕೆಯ ಹೆಸರಿನ ಕೊನೆಯಲ್ಲಿ ‘ಪಿಡಿಎಫ್’ ಬದಲು ‘ಎಪಿಕೆ’ ಅಂತ ಇತ್ತು. ಎಪಿಕೆ ಅಂದರೆ ಒಂದು ಆ್ಯಪ್‌ನ ಪೊಟ್ಟಣ. ಮಾವ ಒತ್ತಿದರು. ಇದನ್ನು ಹಾಕಲಾ ಅಂತ ಫೋನ್ ಪಾಪ ಕೇಳಿತು. ಹೂಂ. ನಿಮ್ಮ ಮೆಸೇಜ್‌ಗಳನ್ನು ಇದಕ್ಕೆ ಓದಲು ಬಿಡಲಾ? ಅದಕ್ಕೂ ಹೂಂ. ಆಮೇಲೆ ಕಳ್ಳರು ಎಲ್ಲೋ ಕೂತು ಮಾವನ ಹೆಸರಲ್ಲಿ ವಹಿವಾಟು ಶುರು ಮಾಡಿದರು. ಬ್ಯಾಂಕು ಕಳಿಸುವ ಒಟಿಪಿ ಮಾವ ನೋಡುವ ಮೊದಲೇ ಅವರಿಗೆ ತಲುಪುತ್ತಿತ್ತು. ಕಬ್ಬಿನ ದುಡ್ಡು 68,000 ಹೋಯಿತು.

ನಾನು ಸ್ವಲ್ಪ ರೇಗಿದೆ. ‘ಗೊತ್ತಿಲ್ಲದ್ದನ್ನೆಲ್ಲ ಯಾಕೆ ಒತ್ತಕ್ಕೆ ಹೋದ್ರಿ ಮಾವ?’

‘ಯಾರ ಮದ್ವೆ ಅಂತ ನೋಡ್ಬ್ಯಾಡ್ವೇನ್ಲಾ?’ ಅಂದರು. ‘ಕರ್ದವ್ರ ಮದ್ವೆಗೆ ಹೋಗ್ದಿದ್ರೆ ನಾಳೆ ನಮ್ಮನೆ ಕಾರ್ಯಕ್ಕೆ ಯಾರ್ ಬತ್ತಾರೆ?’

ನನಗೆ ಉತ್ತರ ಹೊಳೆಯಲಿಲ್ಲ. ಫೋನ್‌ಗೆ ಬೆರಳಚ್ಚಿನ ಬೀಗ ಇತ್ತು. ಬ್ಯಾಂಕಿಗೆ ಪಿನ್ ಇತ್ತು, ಒಟಿಪಿ ಇತ್ತು. ಬಾಗಿಲು ಇದ್ದದ್ದು ಮಾವನ ಮರ್ಯಾದೆಯಲ್ಲಿ. ಕರೆದರೆ ಹೋಗಬೇಕು ಅನ್ನುವ ಗುಣದಲ್ಲಿ. ಅದನ್ನು ಕಂಡುಹಿಡಿದವನು ಕೋಡ್ ಬರೆಯುವವನಿಗಿಂತ ಜಾಸ್ತಿ ಜಾಣ, ಜಾಸ್ತಿ ನೀಚ ಅಂತ ನನ್ನ ಲೆಕ್ಕ.

ಮಾಡಬೇಕಾದ್ದು ಇಷ್ಟು: ಹಣ ಹೋಗಿದೆ ಅಂತ ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಸ್ಟೇಷನ್ನಿಗೆ ಹೋದರಾಯ್ತು ಅಂತ ಕೂರಬೇಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತದೆ, ಹಾರುವ ಮೊದಲು ತಡೆಯಬೇಕು. ಮಾವನದು ಒಂದು ಭಾಗ ಹಾಗೆ ಉಳಿಯಿತು.

ಕಪ್ಪು ಫೋನಿನ ಕಥೆ ಅರ್ಧಕ್ಕೇ ನಿಂತಿತ್ತು. ಒಂದು ದಿನ ಸಾಹೇಬರು ಬೀಗದ ಕೈ ಜೇಬಿನಲ್ಲೇ ಇಟ್ಟುಕೊಂಡು ಧರ್ಮಸ್ಥಳಕ್ಕೆ ಹೋಗಿಬಿಟ್ಟರು. ಆಫೀಸಿನಿಂದ ಊರೊಳಗೆ ಒಂದು ಅರ್ಜೆಂಟ್ ಫೋನ್ ಮಾಡಬೇಕು. ಎಲ್ಲರೂ ಮುಖ ಮುಖ ನೋಡಿಕೊಂಡರು. ಅಪ್ಪ ನನ್ನ ಕಡೆ ತಿರುಗಿ, ತುಂಬಾ ಮಾಮೂಲಿ ದನಿಯಲ್ಲಿ ‘ಬಾಪ್ಪ, ಅದೇನೋ ಟಕಟಕ ಅನ್ನಿಸ್ತೀಯಲ್ಲ, ಅದನ್ನ ಮಾಡು’ ಅಂದರು. ಅವರಿಗೆ ಎಂದಿನಿಂದ ಗೊತ್ತಿತ್ತೋ ಏನೋ. ಅದೇ ಬೆರಳು, ಅದೇ ಕುಟ್ಟು. ಆದರೆ ಆ ದಿನ ಸುತ್ತ ಆರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಲೈನ್ ಸಿಕ್ಕಿತು. ಸಂಜೆ ಅಪ್ಪ ಮದ್ದೂರು ವಡೆ ಕೊಡಿಸಿದರು. ನನ್ನ ಮೊದಲ ಬಗ್ ಬೌಂಟಿ ಅದು.

ಸಾಹೇಬರು ವಾಪಸ್ ಬಂದ ಮೇಲೆ ಯಾರೋ ಹೇಳಿರಬೇಕು. ಮುಂದಿನ ವಾರ ಫೋನು ಒಂದು ಮರದ ಪೆಟ್ಟಿಗೆಯೊಳಗೆ ಸೇರಿತು. ಪೆಟ್ಟಿಗೆಗೆ ದೊಡ್ಡ ಬೀಗ. ತಂತಿ ಹೋಗಲಿ ಅಂತ ಹಿಂಬದಿಯಲ್ಲಿ ಒಂದು ತೂತು ಬಿಟ್ಟಿದ್ದರು. ಆ ತೂತಿನ ವಿಷಯ ಬೇಕಿದ್ದರೆ ಪ್ರಶ್ನೋತ್ತರದಲ್ಲಿ ಕೇಳಿ.