ತೋಡಿನ ಬದಿಯ ಜರಿಮರ

ನಮಸ್ಕಾರ. ಹೋದ ತಿಂಗಳು ಪಕ್ಕದ ತೋಟದವರು ಒಂದು ಆಳುದ್ದದ ಎಲೆ ಮುರ್ಕೊಂಡು ಬಂದ್ರು, "ನೋಡಿ ಮಾರಾಯ್ರೆ, ಕಾಫಿಗೆ ಬರೋ ಎಲೆತುಕ್ಕು ಈಗ ಜರಿಮರಕ್ಕೂ ಬಂತು, ಏನು ಸ್ಪ್ರೇ ಹೊಡೀಲಿ?" ಎಲೆ ತಿರುಗಿಸಿದ್ರೆ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ, ಹೊಲಿಗೆ ಹಾಕಿದ ಹಾಗೆ ಸಾಲು ಸಾಲು. ತುಕ್ಕು ರೋಗ ಇಷ್ಟು ನೀಟಾಗಿ ಬರೋದಿಲ್ಲ ಅಲ್ವಾ! ಅದು ಸ್ಪೋರು, ಅಂದ್ರೆ ಬೀಜಾಣು ಪುಡಿ, ತುಂಬಿದ ಗುಂಪುಗಳು. ಈ ಮರಕ್ಕೆ ಹೂವಿಲ್ಲ, ಕಾಯಿಲ್ಲ, ಇರೋದು ಆ ಪುಡಿ ಮಾತ್ರ.

ನಾವು ಮಳೆಗಾಲದಲ್ಲಿ ತೆರ್ಮೆ ತೊಪ್ಪು ಪಲ್ಯ ಮಾಡ್ತೀವಲ್ಲ, ಇದೂ ಅದೇ ಜರಿಗಿಡದ ಜಾತಿ, ಎಳೇ ಎಲೆ ಹಾಗೇ ಸುರುಳಿ ಸುತ್ಕೊಂಡು ಬರ್ತದೆ, ಆದ್ರೆ ಇದು ಮರದ ಹಾಗೆ ಬೆಳೀತದೆ. ನಮ್ಮ ಕಡೆ ಕಾಣೋದ್ರಲ್ಲಿ ಒಂದು ಸಯಾಥಿಯಾ ಜೈಗಾಂಟಿಯಾ, ಎಲೆ ದಂಟು ಕಪ್ಪಗೆ ಮಿಂಚ್ತದೆ, ಹಳೇ ಎಲೆ ಉದುರಿದ ಜಾಗ ಕಾಂಡದ ಮೇಲೆ ಮೊಟ್ಟೆಯಾಕಾರದ ಗಾಯದ ಗುರುತಾಗಿ ಉಳೀತದೆ. ಕಾಂಡ ಅಂದ್ರೆ ಬೀಟೆ, ಹಲಸಿನ ಥರ ವರ್ಷ ವರ್ಷ ದಪ್ಪ ಆಗೋ ನಾಟ ಅಲ್ಲ, ಬುಡ ದಪ್ಪ ಕಾಣೋದು ಹೊರಗೆ ಹೆಣೆದುಕೊಂಡ ಬೇರಿನಿಂದ. ಆ ಬೇರಿನ ನಾರಿಗೋಸ್ಕರ ಆರ್ಕಿಡ್ ಬೆಳೆಯೋರು ಇಂಥ ಮರ ಕಡೀತಿದ್ರು, ಈಗ ಕಾಡು ಗಿಡ, ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಮಿತಿ ಹಾಕೋ ಸೈಟಿಸ್ ಒಪ್ಪಂದದ 2ನೇ ಪಟ್ಟಿಯಲ್ಲಿದೆ, ಪರ್ಮಿಟ್ ಇಲ್ದೆ ವಿದೇಶಕ್ಕೆ ಕಳಿಸೋ ಹಾಗಿಲ್ಲ. ಮತ್ತೆ ತೆಂಗಿನ ಹಾಗೆ ಇದಕ್ಕೂ ಒಂದೇ ನೆತ್ತಿ, ಅದು ಹೋದ್ರೆ ಮರ ಹೋಯ್ತು.

ತೋಡಿನ, ಅಂದ್ರೆ ಸಣ್ಣ ಹಳ್ಳದ, ಬದೀನೇ ಈ ಮರ ಯಾಕೆ ಹುಡುಕ್ತದೆ ಅಂದ್ರೆ, ಆ ಪುಡಿ ಬಿದ್ದಲ್ಲಿ ನೇರ ಮರ ಹುಟ್ಟೋದಿಲ್ಲ. ಮೊದಲು ಉಗುರಿನಷ್ಟು ಹಸಿರು ತುಣುಕು, ಹೃದಯದ ಆಕಾರ, ಪಾಚಿ ಅಂತ ನಾವು ತುಳ್ಕೊಂಡು ಹೋಗೋವಂಥದ್ದು. ಅದರಲ್ಲೇ ಗಂಡು ಕಣ, ಹೆಣ್ಣು ಕಣ, ಗಂಡು ಕಣ ಈಜಿಕೊಂಡು ಹೋಗಿ ಸೇರ್ಬೇಕು, ಅದಕ್ಕೊಂದು ನೀರಿನ ಪದರ ಬೇಕು. ಬಿಸಿಲು ಬಿದ್ದು ಮಣ್ಣು ಒಣಗಿದ್ರೆ ಅಲ್ಲಿಗೆ ಕತೆ ಮುಗೀತು. ಡೈನೋಸಾರ್ ಕಾಲದಿಂದ ಬಂದ ವಂಶ ಮಾರಾಯ್ರೆ, ಈಗ್ಲೂ ಅದೇ ಹಟ.

ಅದಕ್ಕೇ ಅವರಿಗೆ ಹೇಳಿದೆ, ಸ್ಪ್ರೇ ಏನೂ ಬೇಡ, ಈ ಸಲ ಮರಕಸಿ (ತೋಟದ ನೆರಳಿನ ಮರದ ಕೊಂಬೆ ಕಡಿಯೋ ಕೆಲಸ) ಮಾಡಿಸುವಾಗ ತೋಡಿನ ಮೇಲೆ ಬಾಗಿರೋ ಎರಡು ಮರದ ಕೊಂಬೆ ಬಿಟ್ಬಿಡಿ ಅಂತ. "ಅಲ್ಲಿ ನೆರಳು ಜಾಸ್ತಿಯಾದ್ರೆ ನನ್ನ ಕಾಫಿ ಕಾಯಿ ಕಚ್ಚೋದಿಲ್ಲ" ಅಂತ ಗೊಣಗ್ತಾ ಹೋದ್ರು, ಎಲೆ ಮಾತ್ರ ನಮ್ಮ ಜಗಲಿಯಲ್ಲೇ ಬಿಟ್ಟು ಹೋದ್ರು, ಮಾರನೇ ದಿನ ನೋಡಿದ್ರೆ ನೆಲದ ತುಂಬ ಕಂದು ಪುಡಿ.