ರಕ್ತದಲ್ಲಿ ಏನೂ ಇಲ್ಲ ಸ್ವಾಮಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಹೋದ ವಾರದ ವಿಡಿಯೋ ಕೆಳಗೆ ಬಂದ ಒಂದು ಕಾಮೆಂಟ್ ತಲೆಯಿಂದ ಇಳಿಯುತ್ತಿಲ್ಲ. ಕೆನಡಾದ ಮೂಲನಿವಾಸಿಗಳ ಬಗ್ಗೆ ಹೇಳಿದ್ದೆನಲ್ಲ, ಅದಕ್ಕೆ ಒಬ್ಬರು ಬರೆದಿದ್ದಾರೆ: "ಆ ಜನರ ರಕ್ತದಲ್ಲೇ ಕುಡಿತ ಇದೆ, ಬಿಡಿಸೋಕಾಗಲ್ಲ."

ರಕ್ತದಲ್ಲಾ? ಹಾಗಾದರೆ ಆಲ್ಕಲೈ ಲೇಕ್ ಕಥೆ ಕೇಳಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶುಸ್ವಾಪ್ ಅನ್ನೋ ಮೂಲನಿವಾಸಿ ಜನರ ಊರು. 1970ರ ಸುಮಾರಿಗೆ ಅಲ್ಲಿ ಕುಡಿಯದ ದೊಡ್ಡವರು ಸಿಗುವುದೇ ಕಷ್ಟವಾಗಿತ್ತು. 1972ರಲ್ಲಿ ಆ ಊರಿನ ಒಬ್ಬ ತಾಯಿ, ಫಿಲಿಸ್ ಚೆಲ್ಸಿ, ಅಜ್ಜಿ ಮನೆಯಲ್ಲಿದ್ದ ತಮ್ಮ ಮಕ್ಕಳನ್ನು ಕರೆದುಕೊಂಡು ಬರಲು ಹೋದರು. ಮಗಳು ಬರಲ್ಲ ಅಂದಳು. ಅಪ್ಪ ಅಮ್ಮ ಕುಡಿಯುತ್ತಾರೆ, ಅದಕ್ಕೆ ಬರಲ್ಲ. ಫಿಲಿಸ್ ಕುಡಿತ ಬಿಟ್ಟರು. ಗಂಡ ಆಂಡಿಯೂ ಬಿಟ್ಟರು, ಆಮೇಲೆ ಊರಿನ ಮುಖ್ಯಸ್ಥರಾದರು. ಸಹಾಯಧನದ ಚೆಕ್ ಬದಲು ದಿನಸಿ ಕೂಪನ್ ಕೊಡಿಸಿದರು. ಕದ್ದು ಹೆಂಡ ಮಾರುವವರನ್ನು ಹಿಡಿಸಿದರು. 1985ರ ಹೊತ್ತಿಗೆ, ಊರವರದ್ದೇ ಲೆಕ್ಕದಲ್ಲಿ, ನೂರಕ್ಕೆ 95 ಜನ ಬಿಟ್ಟಿದ್ದರು.

13 ವರ್ಷ. ಅದೇ ಜನ, ಅದೇ ರಕ್ತ!

ಕುಡಿತ ಬಂದದ್ದು ಎಲ್ಲಿಂದ? ಮಕ್ಕಳನ್ನು ಮಿಷನ್ ವಸತಿ ಶಾಲೆಗೆ ಒಯ್ದರು, ತಾಯ್ನುಡಿ ಆಡಿದರೆ ಹೊಡೆದರು. ಉಡುಗೊರೆ ಹಂಚುವ ಪಾಟ್ಲ್ಯಾಚ್ ಹಬ್ಬವನ್ನು 1885ರಿಂದ 1951ರವರೆಗೆ ಕಾನೂನೇ ನಿಷೇಧಿಸಿತ್ತು. ಹಬ್ಬ ಮಾಡಿದರೆ ಜೈಲು! ಹೀಗೆ ಎಲ್ಲ ಕಿತ್ತುಕೊಂಡ ಮೇಲೆ ಕೈಗೆ ಬಾಟಲಿ ಬಂತು. ಇದು ರಕ್ತದ ಕಥೆಯಲ್ಲ, ಕಿತ್ತುಕೊಂಡ ಕಥೆ.

ಅದಕ್ಕೇ ಬಾಟಲಿ ಬಿಟ್ಟ ಮೇಲೆ ಆಲ್ಕಲೈ ಲೇಕ್‌ನವರು ಬೆವರು ಗುಡಿಸಲು ಕಟ್ಟಿದರು, ಅಂದರೆ ಹಬೆಯಲ್ಲಿ ಕೂತು ಪ್ರಾರ್ಥಿಸುವ ಗುಡಿಸಲು. ಊರಲ್ಲಿ ಆಚರಣೆ ಹರಿದುಹೋಗಿತ್ತು, ಬೇರೆ ಕಡೆಯ ಹಿರಿಯರನ್ನು ಕರೆಸಿ ಕಲಿತರು. ಬಗ್ಗಿಸಿದ ಕಡ್ಡಿಗಳ ಗೂಡು, ಮೇಲೆ ಕಂಬಳಿ. ಬಾಗಿ ಒಳಗೆ ಹೋಗಬೇಕು. ಬೆಂಕಿಯಲ್ಲಿ ಕಾದ ಕಲ್ಲುಗಳನ್ನು ನಡುವಿನ ಗುಂಡಿಗೆ ಹಾಕುತ್ತಾರೆ. ಬಾಗಿಲು ಮುಚ್ಚಿದರೆ ಕಗ್ಗತ್ತಲೆ. ನೀರು ಹೊಯ್ದಾಗ ಚುಯ್ ಅಂತ ಹಬೆ ಏಳುತ್ತದೆ, ಹಾಡು ಶುರುವಾಗುತ್ತದೆ. ಮುಖ ಕಾಣದ ಆ ಕತ್ತಲಲ್ಲಿ ಮನುಷ್ಯ ಅಳಬಹುದು. ಫಿಲಿಸ್ ಶಾಲೆಯಲ್ಲಿ ಶುಸ್ವಾಪ್ ಭಾಷೆ ಕಲಿಸಲೂ ಓಡಾಡಿದರು.

"ಹಾಡಿದರೆ ಚಟ ಬಿಡುತ್ತಾ, ಡಾಕ್ಟರ್ ಬೇಡ್ವಾ?" ಅಂತೀರಿ. ಬೇಡ ಅಂದವರ‍್ಯಾರು? ಅವರು ಎಎ ಸಭೆಯನ್ನೂ ಮಾಡಿದರು, ಅಂದರೆ ಕುಡಿತ ಬಿಡುವವರು ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ. ಸುಮ್ನೆ ವಾದಕ್ಕೆ ವಾದ ಬೇಡ.

"ಬಾಯಿಗೆ ಸುರಿದುಕೊಂಡವರು ಅವರೇ ಅಲ್ವಾ?" ಈ ಮಾತಿಗೆ ನನ್ನ ಹತ್ತಿರ ಸಮಾಧಾನವೇ ಇಲ್ಲ. ಏಳು ವರ್ಷದ ಮಗುವನ್ನು ತಾಯಿಯಿಂದ ಕಿತ್ತುಕೊಂಡು ಹೋದವರನ್ನು ಮೊದಲು ಕೇಳಿ!

ನಾಗರಹೊಳೆ ಕಾಡಿನಿಂದ ಎಬ್ಬಿಸಿದ ಜೇನುಕುರುಬರ ಬಗ್ಗೆಯೂ ಇದೇ ಮಾತು ಕೇಳಿದ್ದೇನೆ. "ಆ ಹಾಡಿಯವರು ಹಾಗೇ." ಹಾಗೇ ಅಂದರೆ ಹೇಗೆ? ರಕ್ತದಲ್ಲಿ ಏನೂ ಇಲ್ಲ. ಇಲ್ಲ ಅಂದರೆ ಇಲ್ಲ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮನೆಯವರಿಗೂ ಕಳಿಸಿ. ಕಾಮೆಂಟ್ ಹಾಕಿದವರೇ, ಅದನ್ನು ಅಳಿಸಬೇಡಿ. ಅದರ ಕೆಳಗೇ ನನ್ನ ಉತ್ತರ ಇದೆ: ಅದೇ ಜನ, ಅದೇ ರಕ್ತ.